ಹೊಟ್ಟಿನ ಮೂಟೆಯಲ್ಲಿ ಸಿಕ್ಕ ಕಿವಿ ಮಷೀನು

ತಂದ ಮೂರನೆಯ ದಿನ ಚಿಕ್ಕಮ್ಮ ಕಿವಿ ಮಷೀನನ್ನು ಭತ್ತದ ಹೊಟ್ಟಿನ ಮೂಟೆಯಲ್ಲಿ ಹೂತುಬಿಟ್ಟಳು. ಎಲ್ಲಿಟ್ಟೆ ಎಂದು ಕೇಳಿದರೆ ಆಕಾಶ ತೋರಿಸಿದಳು. ಹೊಟ್ಟನ್ನೆಲ್ಲ ಜಗಲಿಗೆ ಸುರಿದು, ಮೊರದಲ್ಲಿ ಕೇರಿ ಕೇರಿ ಹುಡುಕಿ ತೆಗೆದೆ.

ಅಮ್ಮನ ತಂಗಿ ಅವಳು. ನಲವತ್ತೈದು ದಾಟಿದವಳು. ಹೊಸದೇನನ್ನಾದರೂ ಕಲಿಯಲು ಅವಳಿಗೆ ನಮಗಿಂತ ಹತ್ತು ಪಟ್ಟು ಹೊತ್ತು ಬೇಕು. ಕಲಿತದ್ದನ್ನು ಮಾತ್ರ ಬಿಡುವವಳಲ್ಲ. ಅದರ ಮೇಲೆ ಕಿವಿಯೂ ಮಂದ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡ ನಮ್ಮ ಮನೆಯಲ್ಲಿ ಎಲ್ಲರೂ ಅವಳನ್ನು ಕೂಗಿಯೇ ಮಾತಾಡಿಸುತ್ತಿದ್ದದ್ದು. ಕಿವಿ ತಪಾಸಣೆಯ ಕ್ಯಾಂಪಿನಲ್ಲಿ ಮಷೀನು ಕೊಟ್ಟವರು, "ಒಂದು ತಿಂಗಳು ನೋಡಿ. ಹಾಕ್ಕೊಳ್ಳಲ್ಲ ಅಂದ್ರೆ ವಾಪಸ್ ತನ್ನಿ, ಹಾಕ್ಕೊಳ್ಳೋರಿಗೆ ಕೊಡ್ತೀವಿ" ಎಂದು ಹೇಳಿ ಕಳಿಸಿದ್ದರು.

ಹೊಟ್ಟಿನ ರಾಶಿ ನೋಡಿದ ಸೋದರಮಾವ ಅಲ್ಲೇ ತೀರ್ಪು ಕೊಟ್ಟ. "ಕೊಟ್ಬುಡಮ್ಮಿ ಅತ್ಲಾಗೆ. ಇವ್ಳಿಗೆ ಕಿವಿ ಕೇಳಿ ಏನಾಗ್ಬೇಕು, ಪಂಚಾಯ್ತಿ ತೀರ್ಮಾನ ಮಾಡ್ಬೇಕಾ?"

"ನೀನು ಎರಡು ಕಿವಿ ಇಟ್ಕಂಡು ಯಾರ ಪಂಚಾಯ್ತಿ ಬಗೆಹರಿಸ್ದೆ ಮಾವ?" ಅಂದೆ. ಒಲೆಯ ಮುಂದೆ ಕೂತಿದ್ದ ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಷೀನು ವಾಪಸ್ ಹೋಗಕೂಡದು ಎಂದು ನಾನು ಹಟ ಹಿಡಿದದ್ದು ಆಗಲೇ.

ಅದರಲ್ಲಿ ಅಂಥದ್ದೇನಿದೆ ನೋಡೋಣವೆಂದು ನನ್ನ ಕಿವಿಗೇ ಹಾಕಿಕೊಂಡೆ. ಅಷ್ಟರಲ್ಲಿ ಮಾವ ಅಂಗಳದಿಂದ ಎಂದಿನಂತೆ, "ಏಯ್, ದನಕ್ಕೆ ನೀರಿಟ್ರಾ?" ಎಂದು ಕೂಗಿದ. ತಲೆಯೊಳಗೆ ಕಬ್ಬಿಣದ ಹಂಡೆ ಉರುಳಿದಂತಾಯಿತು. ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಮೂರು ದಿನ ಬೆಳಗಿನಿಂದ ಸಂಜೆವರೆಗೆ ಇದನ್ನು ಅವಳಿಗೆ ಹಾಕಿಸಿ, ಮನೆಮಂದಿಯೆಲ್ಲ ಹಳೆಯ ಗಂಟಲಿನಲ್ಲೇ ಅರಚಿದ್ದೆವಲ್ಲ! ನಾನೂ ಸೇರಿ. ಮನೆಯಲ್ಲಿ ಬುದ್ಧಿ ಇದ್ದ ಕೆಲಸ ಮಾಡಿದವಳು ಚಿಕ್ಕಮ್ಮ ಒಬ್ಬಳೇ.

ಕಾನೂನು ಮಾಡಿದೆ: ಅವಳು ಮಷೀನು ಹಾಕಿದ್ದಾಗ ಕೂಗಿದವರಿಗೆ ಕಾಫಿ ಇಲ್ಲ.

"ನನ್ ಮನೇಲಿ ನಾನೇ ಪಿಸುಗುಟ್ಬೇಕಾ?" ಎಂದ ಮಾವ.

"ಕೂಗು ಮಾವ, ಯಾರು ಬ್ಯಾಡ ಅಂದ್ರು? ಕಾಪಿ ಇಲ್ಲ, ಅಷ್ಟೆ."

ಎರಡು ದಿನ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕುಡಿದು ಬಂದ. ಮೂರನೆಯ ದಿನ ಅವನ ಗಂಟಲು ತಾನಾಗಿ ಇಳಿಯಿತು.

ಚಿಕ್ಕಮ್ಮನಿಗೆ ಕೋಳಿಗಳೆಂದರೆ ಜೀವ. ಕಾವಿಗೆ ಕೂತ ಹೇಂಟೆಯ ಬುಟ್ಟಿಯ ಪಕ್ಕದಲ್ಲಿ ಅವಳನ್ನು ದಿನಾ ಹತ್ತೇ ನಿಮಿಷ ಮಷೀನು ಹಾಕಿ ಕೂರಿಸತೊಡಗಿದೆ. ಬೇಡವೆಂದು ಕಿವಿಗೆ ಕೈ ಒಯ್ದರೆ ಆ ಕ್ಷಣವೇ ತೆಗೆಯುತ್ತಿದ್ದೆ. ಮರಿಯಾಗುವ ಹಿಂದಿನ ದಿನ ಒಂದು ಮೊಟ್ಟೆ ಎತ್ತಿ ಅವಳ ಕಿವಿಯ ಹತ್ತಿರ ಹಿಡಿದೆ. ಚಿಪ್ಪು ಬಿರಿಯುವ ಮೊದಲೇ ಒಳಗಿನ ಮರಿ ಕೀಚ್ ಎನ್ನುತ್ತದೆ. ಚಿಕ್ಕವಳಿದ್ದಾಗ ಅಜ್ಜಿ ನನಗೆ ಕೇಳಿಸಿದ್ದಳು. ಎಷ್ಟೋ ಹೇಂಟೆಗಳನ್ನು ಕಾವಿಗೆ ಕೂರಿಸಿದ ಚಿಕ್ಕಮ್ಮ ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಅವಳು ಉಸಿರು ಬಿಗಿಹಿಡಿದಳು. ಮೊಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಒಳ್ಗದೆ," ಅಂದಳು. "ಮಾತಾಡ್ತದೆ."

ಮರುದಿನ ಬೆಳಗ್ಗೆ ಮಷೀನಿನ ಡಬ್ಬಿ ಹಿಡಿದು ಅವಳೇ ಬಂದು ನನ್ನ ಮುಂದೆ ನಿಂತಳು.

ತಿಂಗಳ ಕೊನೆಗೆ ಕ್ಯಾಂಪಿನವರಿಗೆ ತೋರಿಸಲು ಹೋದೆವು. ಬರೆದುಕೊಳ್ಳುತ್ತಿದ್ದವರು ಬಗ್ಗಿ, ಅವಳ ಕಿವಿಯ ಹತ್ತಿರವೇ, "ಏನಮ್ಮಾ! ಕೇಳಿಸ್ತದಾ?" ಎಂದು ಕೂಗಿದರು. ಚಿಕ್ಕಮ್ಮ ಮಷೀನು ತೆಗೆದು ಮೇಜಿನ ಮೇಲಿಟ್ಟಳು.

"ನೋಡಿ, ಹಾಕ್ಕೊಳ್ಳಲ್ಲ," ಎಂದು ಅವರು ಪೆನ್ನು ಎತ್ತಿದರು.

"ಅದನ್ನ ಬರೀಬೇಡಿ ಸಾರ್," ಅಂದೆ. "ಕೂಗಿದ್ದು ನೀವು. ನಮ್ಮನೇಲಾಗಿದ್ರೆ ಇವತ್ತು ನಿಮ್ಗೆ ಕಾಫಿ ಇರ್ತಿರ್ಲಿಲ್ಲ. ಮೆಲ್ಲಗೆ ಕೇಳಿ."

ಪೆನ್ನು ಅಲ್ಲೇ ನಿಂತಿತು. ಚಿಕ್ಕಮ್ಮ ತಾನೇ ಮಷೀನು ಎತ್ತಿ, ತಿರುಗಿಸಿ ಮುರುಗಿಸಿ, ತನ್ನ ಹೊತ್ತು ತೆಗೆದುಕೊಂಡು ಹಾಕಿಕೊಂಡಳು. ನಾನು ಕೈ ಹಾಕಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಗೊಣಗಲಿ.

"ಊಟ ಆಯ್ತಾಮ್ಮ?" ಎಂದರು ಅವರು, ಈ ಸಲ ಮೆಲ್ಲಗೆ.

"ಆಯ್ತು. ಕೋಳಿಗೂ ಹಾಕ್ದೆ," ಎಂದಳು ಚಿಕ್ಕಮ್ಮ. ಆಮೇಲೆ ಮೇಜಿನ ಮೇಲಿದ್ದ ಡಬ್ಬಿಯನ್ನು ಯಾರನ್ನೂ ಕೇಳದೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಾಪಸ್ ಕೊಡು ಎನ್ನುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ.