ತಿರುಗಿ ನಿಂತ ಸಿಂಹ

ಮೇಡಂ, ನಿಮ್ಮ ಸಿಂಹದಲ್ಲಿ ತಪ್ಪಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೇ ಜನರ ಎದುರು ನಿಮ್ಮ ಮಾನ ತೆಗೆದೆ.

ನಿಜ ಹೇಳುತ್ತೇನೆ, ನಿಮ್ಮನ್ನು ಕಂಡರೆ ನನಗೆ ತಾತ್ಸಾರವಿತ್ತು. ಈ ಕೊಲ್ಲಿ ನಾಡಿನಲ್ಲಿ, ಸೆಗಯಾದ ನನ್ನ ಕೋಣೆಯಿಂದ ಟ್ಯಾಕ್ಸಿ ಹಿಡಿದು ಬುದಯ್ಯದ ನಿಮ್ಮ ವಿಲ್ಲಾಕ್ಕೆ ಬಂದು, ತಾಮ್ರದ ಹಲಗೆಯ ಮೇಲೆ ಗೆರೆ ಕೊರೆಯುವುದನ್ನು ಕಲಿಸುತ್ತಿದ್ದೆ. ದಾರಿಯುದ್ದಕ್ಕೂ ನನ್ನೊಳಗೇ ಗೊಣಗಾಟ — ಗಂಡ ಆಫೀಸಿಗೆ, ಮಕ್ಕಳು ಶಾಲೆಗೆ, ಇವರಿಗೆ ಹೊತ್ತು ಹೋಗುವುದಿಲ್ಲ, ಅದಕ್ಕೊಂದು ಕಲೆ ಬೇಕು! ಯುರೋಪಿನ ಹಳೆಯ ವಂಶಲಾಂಛನವೊಂದರ ಕೆತ್ತನೆಯನ್ನು ನಕಲು ಮಾಡಲು ಕೊಟ್ಟದ್ದೂ ಅದೇ ಕೊಬ್ಬಿನಿಂದ. ಗುರಾಣಿಯ ಮೇಲೆ ಸಿಂಹ, ಅದರ ಮೇಲೆ ಉಕ್ಕಿನ ಶಿರಸ್ತ್ರಾಣ, ಎರಡು ರೆಕ್ಕೆ. ಬಣ್ಣವಿಲ್ಲ, ಬರೀ ಗೆರೆ. ಆ ಗೆರೆಯಲ್ಲೇ ಉಕ್ಕು ಉಕ್ಕಾಗಿ, ಗರಿ ಗರಿಯಾಗಿ ಕಾಣಬೇಕು. ಕೈಸೋತು ಬಿಟ್ಟುಬಿಡಲಿ ಎಂದೇ ಕೊಟ್ಟೆ. ಅದರಲ್ಲಿ ನನ್ನ ಕೈಯೇ ಸೋತಿತ್ತು — ನಾನು ಕೊರೆದ ಗರಿಗಳೆಲ್ಲ ಒಣಹುಲ್ಲಿನ ಹಾಗಿರುತ್ತಿದ್ದವು.

ನೀವು ಬಿಡಲಿಲ್ಲ, ಕೊರೆದು ಮುಗಿಸಿಯೇಬಿಟ್ಟಿರಿ. ಹಲಗೆಯನ್ನು ನನ್ನ ಕೋಣೆಗೆ ತಂದು, ಮಸಿ ಹಚ್ಚಿ ಅಚ್ಚು ತೆಗೆದೆ. ಕಾಗದ ಎತ್ತಿ ನೋಡಿ — ಥೂ, ನನ್ನ ಜನ್ಮಕ್ಕೆ! — ಸಂತೋಷಪಡಲಿಲ್ಲ, ಹೊಟ್ಟೆ ಉರಿದುಕೊಂಡೆ. ಉಕ್ಕು ತಣ್ಣಗೆ ಹೊಳೆಯುತ್ತಿತ್ತು. ರೆಕ್ಕೆಯ ಬುಡದ ತುಪ್ಪುಳ ಊದಿದರೆ ಹಾರುವಂತಿತ್ತು. ಮೂಲದಲ್ಲಿ ಎಡಕ್ಕೆ ನೋಡುತ್ತಿದ್ದ ಸಿಂಹ ಮಾತ್ರ ಬಲಕ್ಕೆ ತಿರುಗಿತ್ತು. ನೋಡಿದ ಹಾಗೆಯೇ ಕೊರೆದರೆ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಆ ಕಾಲದ ನುರಿತ ನಕಲುಗಾರರ ಚಿತ್ರಗಳಲ್ಲೂ ಹೀಗೇ ಆಗಿದೆ. ಕನ್ನಡಿಯಲ್ಲಿ ನೋಡಿ ಕೊರೆಯಿರಿ ಎಂದು ಹೇಳಬೇಕಾದವನು ನಾನು. ಹೇಳಿರಲಿಲ್ಲ.

ಗುದೈಬಿಯಾದ ಸಭಾಂಗಣದಲ್ಲಿ, ಇಲ್ಲಿ ನೆಲೆಸಿದ ನಮ್ಮೂರವರ ಚಿತ್ರಪ್ರದರ್ಶನ. ನಮ್ಮಿಬ್ಬರ ಚಿತ್ರಗಳೂ ಅಕ್ಕಪಕ್ಕ. ಜನ ನಿಂತದ್ದು ನಿಮ್ಮದರ ಮುಂದೆ.

"ಹೇಗುಂಟು ಮಾಸ್ಟ್ರೇ?" ಎಂದು ಕೇಳಿದಿರಿ.

"ಸಿಂಹ ಉಲ್ಟಾ ನಿಂತಿದ್ಯಲ್ಲ ಮೇಡಂ! ನೋಡಿ ಬರೀಲಿಕ್ಕೂ ಬರುದಿಲ್ವಾ ನಿಮಗೆ?" ಎಂದೆ.

ಎಲ್ಲರೂ ನಕ್ಕರು. ಗೆರೆ ಯಾವುದು ಗೀಚು ಯಾವುದು ತಿಳಿಯದ, ಚಹಾ ಕುಡಿಯಲು ಬಂದ ಮಂದಿ... ಅವರ ನಗು ನನಗೆ ಹಿತವಾಗಿತ್ತು. ನೀವೂ ನಗಲು ನೋಡಿದಿರಿ — ಆಗಲಿಲ್ಲ.

ಮತ್ತೆ ನೀವು ಉಳಿ ಮುಟ್ಟಲಿಲ್ಲ. ಹಲಗೆ ನನ್ನ ಹತ್ತಿರವೇ ಉಳಿಯಿತು. ಹೊಸಬರಿಗೆ ಗರಿ ಕೊರೆಯುವುದನ್ನು ಕಲಿಸುವಾಗ ಈಗಲೂ ಅದರ ಅಚ್ಚನ್ನೇ ತೋರಿಸುತ್ತೇನೆ. ಯಾರದ್ದೆಂದು ಕೇಳಿದರೆ ಯಾರೋ ಹಳಬರದ್ದು ಅನ್ನುತ್ತೇನೆ. ನಿಮ್ಮ ಕೈಕೆಲಸ ತೋರಿಸಿ ನನ್ನ ಹೊಟ್ಟೆ ಹೊರೆದುಕೊಂಡೆ.

ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಿದಿರಿ. ಈಗೇನಾದರೂ ಕೊರೆಯುತ್ತೀರಾ ಎಂದು ಕೇಳುವಷ್ಟು ನಾಚಿಕೆಗೆಟ್ಟವನು ನಾನು.

"ಅದೆಲ್ಲ ನಮಗೆ ಹೇಳಿದ್ದಲ್ಲ ಮಾಸ್ಟ್ರೇ. ನೀವು ಅವತ್ತೇ ಹೇಳಿದ್ದು ಒಳ್ಳೇದಾಯ್ತು. ಥ್ಯಾಂಕ್ಸ್" ಎಂದಿರಿ.

ಥ್ಯಾಂಕ್ಸ್ — ನನಗೆ!

ಬರುವ ಶುಕ್ರವಾರ ಅದೇ ಸಭಾಂಗಣದಲ್ಲಿ ಮತ್ತೆ ಪ್ರದರ್ಶನವಿದೆ. ನನ್ನ ಚಿತ್ರ ಇಡುವುದಿಲ್ಲ. ನೀವು ಒಪ್ಪಿದರೆ ನಿಮ್ಮ ಸಿಂಹವನ್ನು ನಿಮ್ಮ ಹೆಸರಿನಲ್ಲೇ ತೂಗುಹಾಕಿ, ಅವತ್ತು ನಕ್ಕವರಿಗೆಲ್ಲ ಇದಿಷ್ಟನ್ನೂ ಹೇಳುತ್ತೇನೆ. ಬೇಡವೆಂದರೆ ಹಲಗೆಯನ್ನು ನಿಮ್ಮ ಮನೆಗೆ ಮುಟ್ಟಿಸಿ, ಬರಿಗೋಡೆಯ ಮುಂದೆ ನಿಂತು ಹೇಳುತ್ತೇನೆ.