ಭಾಲ್ಕಿಯ ಚರ್ಚಿನಲ್ಲಿ ಕೇಳಿದ ದನಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು, ನಾಳೆ ಹೇಳೋಣವೆಂದು ಎದ್ದಿದ್ದೇನೆ. ಕಳೆದ ಚಳಿಗಾಲದ ಒಂದು ಮುಂಜಾವು ಭಾಲ್ಕಿಯಲ್ಲಿ ಮಂಜಿನೊಳಗೆ ನಡೆಯುತ್ತಿದ್ದೆ. ಚರ್ಚಿನೊಳಗಿಂದ ಹಾಡೊಂದು ತೇಲಿಬಂತು. ಆ ದನಿ ನನಗೆ ಗೊತ್ತಿತ್ತು. ಬೀದರಿನ ಕನ್ಸಲ್ಟಿಂಗ್ ಕಂಪನಿಯಲ್ಲಿ ನಾನು ಡ್ರೈವರ್ ಆಗಿದ್ದಾಗ, ಔರಾದಿನಿಂದ ಮರಳುವ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಅದು ಮೆಲ್ಲಗೆ ಕೇಳಿಸುತ್ತಿತ್ತು.

ಸಾಹೇಬರು ಏಳುವ ತನಕ ಯಾರೂ ಕುರ್ಚಿ ಬಿಡದ ಆಫೀಸು ಅದು. ಕಾರಿನಲ್ಲಿ ಹಾಡುತ್ತಿದ್ದ ಮೇಡಂ ಮಾತ್ರ ಶನಿವಾರ ಸಂಜೆ ತಲೆನೋವೆಂದು ಹೇಳಿ ಬೇಗ ಎದ್ದು ಹಾಡಿನ ತಾಲೀಮಿಗೆ ಹೋಗುತ್ತಿದ್ದರು. ಸಾಹೇಬರ ಕಣ್ಣಲ್ಲಿ ಒಳ್ಳೆಯವನಾಗಲು ನಾನು ನಿಜ ಹೇಳಿಬಿಟ್ಟೆ. ಮುಂದೆ ಪ್ರತಿ ಶನಿವಾರ ಸಂಜೆ ಮೀಟಿಂಗು ಶುರುವಾಯಿತು. ಕಾರಿನೊಳಗಿನ ಹಾಡೂ ನಿಂತಿತು.

ಚರ್ಚಿನಿಂದ ಹೊರಬಂದ ಅವರು ನನ್ನನ್ನು ಕಂಡು ನಕ್ಕರು. "ಯಾಕ್ರಿ ಕಾಕಾ, ಥಂಡ್ಯಾಗ ಹೊರಗ ನಿಂತೀರಿ? ಆ ನೌಕರಿ ಬಿಟ್ಟೆ ನೋಡ್ರಿ. ಯಾರು ಚಾಡಿ ಹೇಳಿದ್ರೋ ಏನೋ. ಅಲ್ಲಿ ನನ್ನ ಹಾಡು ಕೇಳಿದವ್ರು ನೀವೊಬ್ರೇ."

"ನಾನೂ ಗಾಡಿ ಹೊಡಿಯೋದು ಬಿಟ್ಟೀನ್ರಿ, ಮೇಡಂ" ಎಂದಷ್ಟೇ ಅಂದೆ.

ಅವರು ಕೊಡಿಸಿದ ಚಹಾ ಕುಡಿದು ಬಸ್ಸು ಹತ್ತಿದೆ. ಚಾಡಿ ಹೇಳಿದವನು ಬೇರೆ ಯಾರೋ ಎಂದು ಅವರು ನಂಬಿಕೊಂಡಿರುವುದೇ ನನ್ನನ್ನು ಮಲಗಗೊಡುವುದಿಲ್ಲ. ಚಾಡಿ ಹೇಳಿದವನು ನಾನೇ, ಸುನೀತಾ ಮೇಡಂ.