ಕೆಟ್ಟ ಸುದ್ದಿ ಹೊತ್ತು ನಡೆಯುವ ಲೈಬ್ರರಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಲೈಬ್ರರಿ ಅಕ್ಕ ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು, ಕುರ್ಚಿಯ ಮೇಲೆ ಒಂದು ಕಾಲು ಮಡಚಿಕೊಂಡು, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಾರೆ. ಪಕ್ಕದಲ್ಲಿಟ್ಟ ಚಹಾ ಆರಿ ಕೆನೆಗಟ್ಟಿದೆ. "ಒಂದ್ನಿಮಿಷ ಇರಿ ಮೇಡಂ" ಎಂದವರು ಆಮೇಲೆ ನನ್ನ ಕಡೆ ತಿರುಗಿಯೇ ಇಲ್ಲ.

ನನಗೋ ತಲೆಬುಡ ಅರ್ಥವಾಗುತ್ತಿಲ್ಲ. ಎಲೆಮರೆಯ ಕಾಯಿಗಳನ್ನು ಹುಡುಕಿ ಬರೆಯುವುದು ನನ್ನ ಹೊಟ್ಟೆಪಾಡು. ಬೇಕರಿಯ ಒಲೆಯ ಮುಂದೆ ನಿಂತವರ ಬಗ್ಗೆ ಬರೆದಿದ್ದೇನೆ, ಆಸ್ಪತ್ರೆಯ ಬಟ್ಟೆ ಒಗೆಯುವವರ ಬಗ್ಗೆ ಬರೆದಿದ್ದೇನೆ. ಅವರ ಕೆಲಸ ಕಣ್ಣಿಗೆ ಕಾಣುತ್ತದೆ, ಮೂಗಿಗೆ ವಾಸನೆ ಬಡಿಯುತ್ತದೆ. ಇವರ ಕೆಲಸ ಎಲ್ಲಿದೆ ಎಂದೇ ಗೊತ್ತಾಗುತ್ತಿಲ್ಲ. ಲೈಬ್ರರಿ ಎಂದು ನಂಬಿ ಬಂದರೆ ಪುಸ್ತಕಗಳೇ ಇಲ್ಲ. ಕಪಾಟುಗಳಿದ್ದ ಜಾಗದಲ್ಲಿ ನೆಲದ ಮೇಲೆ ಅವುಗಳ ಗುರುತು ಮಾತ್ರ ಉಳಿದಿದೆ. ಜರ್ನಲ್‌ಗಳೆಲ್ಲ ಈಗ ಕಂಪ್ಯೂಟರಿನೊಳಗೆ. ನನ್ನ ಜೊತೆ ಬಂದ ಫೋಟೋದವನು "ಅಕ್ಕ, ಯಾರಿಗೋ ಪುಸ್ತಕ ಎತ್ತಿ ಕೊಡೋ ಥರ ನಿಲ್ಲಿ" ಎಂದ. ಅಕ್ಕ ಸುತ್ತ ನೋಡಿದರು. "ಯಾವುದನ್ನ ಎತ್ತಲಪ್ಪ? ಇರೋದು ಆ ದಪ್ಪ ಡಿಕ್ಷನರಿ ಒಂದೇ. ಅದನ್ನ ಎತ್ತಿದ್ರೆ ನನ್ನ ಸೊಂಟ ಹಿಡ್ಕೊಳ್ಳುತ್ತೆ, ಆಮೇಲೆ ನೀನೇ ನನ್ನ ಎತ್ಬೇಕು."

ಹಾಗೆ ನಗಾಡುತ್ತಿದ್ದವರು ಪರದೆಯಲ್ಲಿ ಏನನ್ನೋ ಕಂಡು ಮುಂದಕ್ಕೆ ಬಾಗುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. "ಅಯ್ಯೋ, ಇದು ಪಾಚಿ ಹುಡುಗಿದು" ಎನ್ನುತ್ತಾರೆ, ನನಗಲ್ಲ, ತಮಗೇ.

ಅವರ ಕೆಲಸವನ್ನು ನನಗೆ ಮೂರು ಸಲ ವಿವರಿಸಬೇಕಾಯಿತು. ನಿಮಗೆ ಒಂದೇ ಸಲ ಹೇಳಲು ಪ್ರಯತ್ನಿಸುತ್ತೇನೆ. ಈ ಸಂಸ್ಥೆಗೆ ಹೊಸದಾಗಿ ಸಂಶೋಧನೆಗೆ ಬರುವ ಹುಡುಗ ಹುಡುಗಿಯರಿಗೆ ಅಕ್ಕ ತರಬೇತಿ ಕೊಡುತ್ತಾರೆ. ಜಗತ್ತಿನಲ್ಲಿ ದಿನವೂ ಅಚ್ಚಾಗುವ ಸಾವಿರಾರು ವಿಜ್ಞಾನ ಲೇಖನಗಳಲ್ಲಿ ತಮಗೆ ಬೇಕಾದ್ದನ್ನು ಹುಡುಕುವುದು ಹೇಗೆ, ಹುಡುಕಿದ್ದನ್ನು ಜೋಡಿಸಿಡುವುದು ಹೇಗೆ, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ಪಾಠ. ಇದು ಸಂಬಳದ ಕೆಲಸ. ಇದರ ಜೊತೆ ಯಾರೂ ಹೇಳದ ಇನ್ನೊಂದು ಕೆಲಸವನ್ನು ಅವರೇ ಮೈಮೇಲೆ ಎಳೆದುಕೊಂಡಿದ್ದಾರೆ. ಅಚ್ಚಾದ ಲೇಖನಗಳನ್ನು ಕೆಲವೊಮ್ಮೆ ಜರ್ನಲ್‌ನವರೇ ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ಲೆಕ್ಕ ತಪ್ಪಿರಬಹುದು, ಮೋಸ ಸಿಕ್ಕಿಬಿದ್ದಿರಬಹುದು, ಬರೆದವರಿಗೇ ಅನುಮಾನ ಬಂದಿರಬಹುದು. ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಾಗೆ ವಾಪಸಾದ ಲೇಖನಗಳಲ್ಲಿ ಈ ಸಂಸ್ಥೆಯವರು ನಂಬಿಕೊಂಡಿರುವುದು ಯಾವುದಾದರೂ ಇದೆಯೇ ಎಂದು ಅಕ್ಕ ನೋಡುತ್ತಾರೆ. ಇದ್ದರೆ, ಆ ಮನುಷ್ಯನಿಗೆ ಎದುರು ನಿಂತು ಹೇಳುತ್ತಾರೆ.

"ಮೇಲ್ ಕಳಿಸಿದ್ರೆ ಆಗಲ್ವಾ?" ಎಂದು ಕೇಳಿದೆ.

"ಸತ್ತ ಸುದ್ದೀನ ಚೀಟಿ ಬರೆದು ಕಳಿಸ್ತೀವಾ ಮೇಡಂ? ಎರಡು ಮೂರು ವರ್ಷ ಅದನ್ನೇ ನಂಬ್ಕೊಂಡು ಕೂತಿರ್ತಾರೆ. ಹೋಗಿ ಹೇಳ್ಬೇಕು. ಮೊದಲು ತಿಂಡಿ ಆಯ್ತಾ ಅಂತ ಕೇಳ್ತೀನಿ. ಆಗಿಲ್ಲ ಅಂದ್ರೆ ತಿಂದು ಬನ್ನಿ ಅಂತೀನಿ. ಖಾಲಿ ಹೊಟ್ಟೇಲಿ ಇದನ್ನ ಕೇಳೋಕಾಗಲ್ಲ."

ಹೀಗಾಗಿ ಇಡೀ ಕಟ್ಟಡದಲ್ಲಿ ಅವರ ಹೆಸರೇ ತಿಂಡಿ ಅಕ್ಕ. ಅವರು ಸುಮ್ಮನೆ ಉಭಯಕುಶಲೋಪರಿಗೆಂದು ಯಾರನ್ನಾದರೂ ತಿಂಡಿ ಆಯ್ತಾ ಎಂದು ಕೇಳಿದರೂ ಕೇಳಿಸಿಕೊಂಡವರ ಮುಖ ಬಿಳಿಚಿಕೊಳ್ಳುತ್ತದೆ. ಕ್ಯಾಂಟೀನಿನಲ್ಲಿ ಅವರ ಮೇಜಿನ ಪಕ್ಕ ಕೂರಲು ಜನ ಹಿಂದೆಮುಂದೆ ನೋಡುತ್ತಾರೆ. ಮನೆಯಲ್ಲೂ ಇವರ ಕೆಲಸ ಯಾರಿಗೂ ಅರ್ಥವಾಗಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುತ್ತಾರೆ. "ನಾನು ರಿಪೇರಿ ಮಾಡಿದ್ರೆ ಜನ ಮೇಲೆ ಹೋಗ್ತಾರೆ, ಇವಳು ಹೋಗಿ ಮಾತಾಡಿದ್ರೆ ಕೆಳಗೆ ಬೀಳ್ತಾರೆ" ಎನ್ನುವುದು ಅವರ ತಮಾಷೆ. ಶಾಲೆಯಲ್ಲಿ ಅಮ್ಮನ ಕೆಲಸವೇನು ಎಂದು ಕೇಳಿದಾಗ ಮಗಳು "ಓದೋರಿಗೆ ಅದನ್ನ ಓದ್ಬೇಡಿ ಅಂತ ಹೇಳೋ ಕೆಲಸ" ಎಂದು ಹೇಳಿ ಬಂದಿದ್ದಾಳೆ. ಅತ್ತೆಗಂತೂ ಪುಸ್ತಕವಿಲ್ಲದ ಲೈಬ್ರರಿಗೆ ಸೊಸೆ ಕತ್ತಲಲ್ಲೇ ಎದ್ದು ಓಡುವುದೇಕೆ ಎಂಬುದು ಬಗೆಹರಿಯದ ಒಗಟು. "ಧೂಳು ಹೊಡೆಯೋಕೂ ಏನೂ ಇಲ್ವಂತೆ, ಮತ್ತೆ ಸುಸ್ತು ಅಂತಾಳೆ" ಎಂದು ನೆರೆಮನೆಯವರ ಹತ್ತಿರ ಮೂಗು ಮುರಿಯುತ್ತಾರಂತೆ.

ಅಕ್ಕ ಇಲ್ಲಿಗೆ ಸೇರಿದ್ದು ಜರ್ನಲ್‌ಗಳಿಗೆ ಅಂಟು ಹಚ್ಚಿ ಚೀಟಿ ಅಂಟಿಸುವ ಕೆಲಸಕ್ಕೆ. ಕೆಲಸ ಮಾಡುತ್ತಲೇ ಓದಿ ಡಿಗ್ರಿ ಮಾಡಿಕೊಂಡರು. ಅಷ್ಟರಲ್ಲಿ ಅಂಟಿಸಲು ಜರ್ನಲ್‌ಗಳೇ ಉಳಿಯಲಿಲ್ಲ. "ಕಲಿತಿದ್ದೆಲ್ಲ ಒಂದು ಬೇಸಿಗೆ ರಜೆ ಮುಗಿಯೋದ್ರೊಳಗೆ ಹಳೇದಾಯ್ತು. ಮತ್ತೆ ಮೊದಲಿಂದ ಕಲಿತೆ. ಈಗ್ಲೂ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಈ ಪೇಪರ್‌ಗಳೊಳಗೆ ಏನಿದೆ ಅಂತ ನಂಗೆ ಅರ್ಥ ಆಗಲ್ಲ. ಎಲ್ಲಿದೆ, ಇನ್ನೂ ಇದ್ಯಾ ಅಂತ ಮಾತ್ರ ನೋಡ್ತೀನಿ."

ಈಗ ಪಾಚಿ ಹುಡುಗಿಯ ವಿಷಯ. ಮೇಲಿನ ಮಹಡಿಯಲ್ಲಿ ಗಾಜಿನ ಶೀಸೆಗಳಲ್ಲಿ ಹಸಿರು ಪಾಚಿ ಬೆಳೆಸುವ ಹುಡುಗಿ ಅವಳು. ನೀಲಿ ಬೆಳಕಿನಲ್ಲಿ ಬೆಳೆಸಿದರೆ ಆ ಜಾತಿಯ ಪಾಚಿ ಎರಡು ಪಟ್ಟು ಎಣ್ಣೆ ಕೂಡಿಡುತ್ತದೆ ಎಂದು ದೊಡ್ಡ ಜರ್ನಲ್ ಒಂದರಲ್ಲಿ ಲೇಖನ ಬಂದಿತ್ತು. ಅಲ್ಲಿಂದ ಶುರುಮಾಡಿ ಮುಂದಕ್ಕೆ ಹೋಗು ಎಂದು ಅವಳ ಗೈಡ್ ಹೇಳಿದ್ದರು. ಹುಡುಗಿಗೆ ಮುಂದಕ್ಕೆ ಹೋಗುವುದಿರಲಿ, ಶುರುವೇ ಆಗಲಿಲ್ಲ. ಎಷ್ಟು ಸಲ ಮಾಡಿದರೂ ಅವಳ ಪಾಚಿ ಎಣ್ಣೆ ಕೂಡಿಡಲಿಲ್ಲ. ದೀಪ ಬದಲಿಸಿದಳು, ನೀರು ಬದಲಿಸಿದಳು, ಶೀಸೆ ತೊಳೆಯುವ ಸೋಪನ್ನೂ ಬದಲಿಸಿದಳು. "ನಿನ್ನ ಕೈಯೇ ಸರಿ ಇಲ್ಲ" ಎಂದರು ಗೈಡ್. ಅವಳೂ ಅದನ್ನೇ ನಂಬಿದಳು.

ಒಂದೇ ತರಬೇತಿಗೆ ಅವಳು ಮತ್ತೆ ಮತ್ತೆ ಬಂದು ಕೂರುವುದನ್ನು ಕಂಡು ಅಕ್ಕನಿಗೆ ಗೊಂದಲವಾಗಿತ್ತಂತೆ. ಎಲ್ಲರೂ ತಪ್ಪಿಸಿಕೊಳ್ಳುವ ಕ್ಲಾಸಿಗೆ ಇವಳೇಕೆ ಹೀಗೆ ಬರುತ್ತಾಳೆ? ಆಮೇಲೆ ತಿಳಿಯಿತು. ತನ್ನ ಹಾಗೆಯೇ ಈ ಪ್ರಯೋಗದಲ್ಲಿ ಸೋತವರು ಜಗತ್ತಿನಲ್ಲಿ ಇನ್ನೊಬ್ಬರಾದರೂ ಇದ್ದಾರಾ ಎಂದು ಅವಳು ಹುಡುಕುತ್ತಿದ್ದಳು. ಯಾರೂ ಸಿಗದಿದ್ದಾಗ, ತನಗೆ ಹುಡುಕಲೂ ಬರುವುದಿಲ್ಲ ಎಂದುಕೊಂಡಳು. ಅಕ್ಕನೂ ಜೊತೆಗೆ ಕೂತು ಹುಡುಕಿದರು. ಯಾರೂ ಸಿಗಲಿಲ್ಲ. "ಸೋತಿದ್ದನ್ನ ಯಾರೂ ಅಚ್ಚು ಹಾಕಿಸಲ್ಲ ಮೇಡಂ. ಹಾಕಿಸಿದ್ರೂ ತಗೊಳ್ಳೋರು ಕಡಿಮೆ" ಎನ್ನುತ್ತಾರೆ.

ನಿನ್ನೆ ಸಂಜೆ ಆ ಹುಡುಗಿ ಲೈಬ್ರರಿಯಲ್ಲಿ ತನಗೆ ಕೊಟ್ಟಿದ್ದ ಬೀರುವಿನ ಕೀಲಿಯನ್ನು ಮೇಜಿನ ಮೇಲಿಟ್ಟು, "ನಾಳೆ ಸರ್ ಬಂದ ತಕ್ಷಣ ಹೇಳಿ ಬಿಟ್ಟುಹೋಗ್ತೀನಿ ಅಕ್ಕ. ನಂಗೆ ಈ ವಿಜ್ಞಾನ ಆಗಿಬರಲ್ಲ" ಎಂದು ಹೋಗಿದ್ದಾಳೆ. ಇವತ್ತು ಬೆಳಗ್ಗೆ ನೋಡಿದರೆ, ಅದೇ ನೀಲಿ ಬೆಳಕಿನ ಲೇಖನವನ್ನು ಜರ್ನಲ್‌ನವರು ವಾಪಸ್ ತೆಗೆದುಕೊಂಡಿದ್ದಾರೆ. ಕಾರಣ ಏನು ಎಂದು ಒಂದಕ್ಷರ ಬರೆದಿಲ್ಲ.

"ಲೇಖನವೇ ತಪ್ಪಿರಬಹುದಲ್ಲ, ಓಡಿ ಹೋಗಿ ಹೇಳಿ ಮತ್ತೆ" ಎಂದೆ ನಾನು. ನನಗೆ ತಾಳ್ಮೆ ಕಡಿಮೆ.

ಅಕ್ಕ ಏಳಲಿಲ್ಲ. ಮಣ್ಣು ಸರ್ ಕಥೆ ಹೇಳಿದರು. ಮಣ್ಣಿನ ಬಗ್ಗೆ ಕೆಲಸ ಮಾಡುವ ಹಿರಿಯ ವಿಜ್ಞಾನಿಯೊಬ್ಬರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅವರು ನಂಬಿದ್ದ ಲೇಖನವೂ ಹೀಗೇ ಕಾರಣವಿಲ್ಲದೆ ವಾಪಸಾಗಿತ್ತು. ಅಕ್ಕ ಓಡಿಹೋಗಿ ಹೇಳಿದರು. ಮಣ್ಣು ಸರ್ ಮುಂಗೋಪಿ. ಅವತ್ತೇ ಅಂಗಳದಲ್ಲಿ ಪ್ರಯೋಗಕ್ಕೆಂದು ಗಿಡ ಬೆಳೆಸಿದ್ದ ಕುಂಡಗಳನ್ನೆಲ್ಲ ಖಾಲಿ ಮಾಡಿಸಿಬಿಟ್ಟರು. ವಾರವಾದ ಮೇಲೆ ಗೊತ್ತಾಗಿದ್ದೇನೆಂದರೆ, ಲೇಖನದಲ್ಲಿ ತಪ್ಪೇ ಇರಲಿಲ್ಲ. ಜರ್ನಲ್ ಕಚೇರಿಯವರು ಕೈತಪ್ಪಿ ಒಂದೇ ಲೇಖನವನ್ನು ಎರಡು ಸಲ ಅಚ್ಚು ಹಾಕಿ, ಒಂದು ಪ್ರತಿಯನ್ನು ತೆಗೆದುಹಾಕಿದ್ದರು. ಅಷ್ಟೇ.

"ಅಷ್ಟೂ ಗಿಡ ಹೋಯ್ತು. ಈಗ್ಲೂ ನಮಸ್ಕಾರ ಅಂದ್ರೆ ನಮಸ್ಕಾರ ಅಂತಾರೆ. ಆದ್ರೆ ಮುಖ ನೋಡಲ್ಲ. ಇದೂ ಹಾಗೇ ಆದ್ರೆ? ಸುಮ್ನೆ ಆಸೆ ಹುಟ್ಟಿಸಿದ ಹಾಗಾಗುತ್ತೆ. ಅವಳು ಉಳ್ಕೊಂಡು, ಆಮೇಲೆ ಪೇಪರ್ ಸರಿಯಾಗೇ ಇತ್ತು ಅಂತ ಬಂದ್ರೆ, ಇನ್ನೊಂದ್ಸಲ ಸಾಯ್ಬೇಕು ಆ ಮಗು. ಹೇಳ್ದೇ ಇದ್ರೆ ಇವತ್ತು ಹೋಗೇಬಿಡ್ತಾಳೆ. ಏನ್ಮಾಡ್ಲಿ ಹೇಳಿ ಮೇಡಂ, ನೀವು ಓದಿದೋರು."

ಓಡಿ ಹೋಗಿ ಎಂದಿದ್ದ ನಾನೇ ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಅಕ್ಕ ಅದೇ ಲೇಖನದ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ಹುಡುಕಿದರು. ಇಲ್ಲ. ಇಲ್ಲ ಎಂದರೆ ನಿಜಕ್ಕೂ ಇಲ್ಲವೋ, ತಮ್ಮ ಕಣ್ಣಿಗೆ ಬೀಳಲಿಲ್ಲವೋ ಎಂದು ಮತ್ತೆ ಹುಡುಕಿದರು. ಜರ್ನಲ್ ಕಚೇರಿಗೆ ಫೋನ್ ಮಾಡಿದರು. ಅದು ದೂರದ ದೇಶ, ಅಲ್ಲಿನವರು ಮಲಗಿರುವ ಹೊತ್ತು. ಕಾರಣ ಕೇಳಿ ಒಂದು ಮೇಲ್ ಹಾಕಿದರು. ಅಷ್ಟರಲ್ಲಿ ಕಾರಿಡಾರಿನಲ್ಲಿ ಕಸ ಗುಡಿಸುವ ಸದ್ದು ಶುರುವಾಯಿತು. ಗೈಡ್ ಬರುವ ಹೊತ್ತು ಹತ್ತಿರವಾಗುತ್ತಿತ್ತು.

"ಗೊತ್ತಿಲ್ಲ ಅನ್ನೋದನ್ನೂ ಸೇರಿಸೇ ಹೇಳಿದ್ರಾಯ್ತು" ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡು ಎದ್ದರು. ನಾವಿಬ್ಬರೂ ಅವರ ಹಿಂದೆ ಮೆಟ್ಟಿಲು ಹತ್ತಿದೆವು.

ಲ್ಯಾಬಿನಲ್ಲಿ ಹುಡುಗಿ ಶೀಸೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಾಳೆ. ನೀಲಿ ದೀಪಗಳ ಕೆಳಗೆ ಇನ್ನು ಕೆಲವೇ ಶೀಸೆಗಳು ಉಳಿದಿವೆ. ಬಾಗಿಲಲ್ಲಿ ಅಕ್ಕನನ್ನು ಕಂಡು, "ತಿಂಡಿ ಆಯ್ತಾ ಅಂತ ಕೇಳ್ಬೇಡಿ ಅಕ್ಕ. ನಂದು ಇನ್ನು ಬೀಳೋಕೆ ಏನೂ ಉಳಿದಿಲ್ಲ" ಎನ್ನುತ್ತಾಳೆ.

ಅಕ್ಕ ಕೇಳಲಿಲ್ಲ. ನೇರವಾಗಿ ಹೇಳಿದರು. "ನಿನ್ನ ನೀಲಿ ಬೆಳಕಿನ ಪೇಪರ್ ವಾಪಸ್ ತಗೊಂಡಿದಾರೆ ಕಣಮ್ಮ."

ಹುಡುಗಿಯ ಕೈಯಲ್ಲಿದ್ದ ಶೀಸೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. "ಯಾಕೆ?"

"ಬರೆದಿಲ್ಲ."

"ತಪ್ಪು ಅಂತಾನಾ?"

"ಗೊತ್ತಿಲ್ಲ. ಎರಡು ಸಲ ಅಚ್ಚಾಗಿದ್ದಕ್ಕೂ ತೆಗೆದಿರಬಹುದು. ಕೇಳಿದೀನಿ. ಉತ್ತರ ಬಂದಿಲ್ಲ."

ಹುಡುಗಿ ಸ್ಟೂಲಿನ ಮೇಲೆ ಕೂತಳು. ಕೈಗವಸನ್ನು ತೆಗೆಯಲು ಹೋಗಿ ಅರ್ಧಕ್ಕೇ ಬಿಟ್ಟಳು. "ಹಾಗಾದ್ರೆ ಅಕ್ಕ, ನನ್ನ ಕೈ..." ಎಂದಳು. ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಕ್ಕ ಹತ್ತಿರ ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತರು. "ಅದೂ ನಂಗೆ ಗೊತ್ತಿಲ್ಲ ಕಣೆ. ನಿನ್ನ ಕೈ ಸರಿ ಇದೆ ಅಂತ ಹೇಳೋಕೆ ನಾನ್ಯಾರು? ಸರಿ ಇಲ್ಲ ಅಂತ ಹೇಳೋಕೂ ಸದ್ಯಕ್ಕೆ ಯಾರಿಗೂ ಆಗಲ್ಲ, ಅಷ್ಟೇ." ಫೋಟೋ ತೆಗೆಯಬೇಡ ಎಂದು ನಾನು ಹೇಳುವ ಮೊದಲೇ ಫೋಟೋದವನು ಕಿಟಕಿಯ ಕಡೆ ತಿರುಗಿ ನಿಂತಿದ್ದ.

ಗೈಡ್ ಬಂದರು. ಸುದ್ದಿ ಕೇಳಿ ಅವರೂ ಕಕ್ಕಾಬಿಕ್ಕಿಯಾದರು. ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು, ತೊಳೆದಿಟ್ಟ ಶೀಸೆಗಳನ್ನೂ ಹುಡುಗಿಯನ್ನೂ ಬದಲಿಸಿ ಬದಲಿಸಿ ನೋಡಿದರು. ಕೊನೆಗೆ "ಇಲ್ಲಿವರೆಗೆ ಬಂದ ರಿಸಲ್ಟೆಲ್ಲ ಇಟ್ಟಿದೀಯಾ, ಇಲ್ಲ ಎಸೆದ್ಯಾ?" ಎಂದರು.

"ಎಸಿ ಅಂದಿದ್ರಿ ಸರ್. ಎಸೆಯೋಕೆ ಮನಸ್ಸು ಬರ್ಲಿಲ್ಲ."

"ಒಳ್ಳೇದಾಯ್ತು" ಎಂದರು ಗೈಡ್. ಕ್ಷಮೆಯ ಮಾತೇನೂ ಬರಲಿಲ್ಲ. ಆದರೆ ಒಂದು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು. ಇಂಥದ್ದು ಹಿಂದೆಂದೂ ಆಗಿರಲಿಲ್ಲ ಎಂದು ಅಕ್ಕ ಆಮೇಲೆ ನನಗೆ ಹೇಳಿದರು.

ಸಂಜೆಗೆ ಜರ್ನಲ್ ಕಚೇರಿಯಿಂದ ಉತ್ತರ ಬಂತು. ವಿಚಾರಣೆ ನಡೆಯುತ್ತಿದೆ, ವಿವರಗಳನ್ನು ನಂತರ ತಿಳಿಸುತ್ತೇವೆ ಎಂಬ ಎರಡು ಸಾಲು. ಅಂದರೆ ಇದು ಎರಡು ಸಲ ಅಚ್ಚಾದ ಪ್ರಕರಣ ಅಲ್ಲದಿರಬಹುದು. ಆಗಿರಲೂಬಹುದು. ಅಕ್ಕನಿಗೂ ಖಚಿತವಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಇಷ್ಟು ಹೊತ್ತು ಇದ್ದೂ ಯಾರು ಸರಿ, ಯಾರು ತಪ್ಪು ಎಂದು ತಿಳಿಯದೆ ಲೇಖನ ಬರೆಯುವುದು ನನಗೆ ಇದೇ ಮೊದಲು. ಹುಡುಗಿ ಹೋಗಿಲ್ಲ. ಉಳಿಯುತ್ತೇನೆ ಎಂದೂ ಹೇಳಿಲ್ಲ. ಒಂದು ತಿಂಗಳು ನೋಡುತ್ತೇನೆ ಎಂದಿದ್ದಾಳೆ. ಆ ತಿಂಗಳಲ್ಲಿ ತನ್ನ ಪಾಚಿ ಎಣ್ಣೆ ಕೂಡಿಡದ ಕಥೆಯನ್ನೆಲ್ಲ ಒಂದು ಲೇಖನವಾಗಿ ಬರೆಯಬೇಕಂತೆ. ಬರೆ ಎಂದು ಹಟ ಹಿಡಿದವರು ಅಕ್ಕ. ಸೋತಿದ್ದನ್ನು ತೆಗೆದುಕೊಳ್ಳುವ ಜರ್ನಲ್‌ಗಳು ಯಾವುವು ಎಂದು ಮಧ್ಯಾಹ್ನವೆಲ್ಲ ಊಟ ಬಿಟ್ಟು ಹುಡುಕಿ ಕೊಟ್ಟಿದ್ದಾರೆ.

ಹೊರಡುವ ಮುನ್ನ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಿದೆ. ನಿಮ್ಮದೊಂದು ಆಸೆ ಅಂತ ಇದೆಯಾ? ಅಕ್ಕ ಕಂಪ್ಯೂಟರ್ ಆರಿಸಿ, ಖಾಲಿ ಕೋಣೆಯನ್ನೊಮ್ಮೆ ನೋಡಿದರು.

"ಆ ಹುಡುಗಿ ಜೊತೆ ಕೂತು ಹುಡುಕಿದಾಗೆಲ್ಲ ನಂಗೆ ಸಂಕಟ ಆಗ್ತಿತ್ತು ಮೇಡಂ. ಇಷ್ಟು ದೊಡ್ಡ ಪ್ರಪಂಚದಲ್ಲಿ ಅವಳ ಜೊತೆಗೆ ನಿಲ್ಲೋಕೆ ಒಬ್ರೂ ಸಿಗ್ಲಿಲ್ವಲ್ಲ ಅಂತ. ಅವಳು ಬರೆದಿದ್ದು ಸರೀನೋ ತಪ್ಪೋ, ಅದನ್ನ ದೊಡ್ಡೋರು ನೋಡ್ಕೊಳ್ಳಲಿ. ಮುಂದೆ ಎಲ್ಲೋ ಯಾವ್ದೋ ಊರಲ್ಲಿ ಇನ್ನೊಂದು ಮಗು ಅಳ್ತಾ ಕೂತು ಹುಡುಕುತ್ತಲ್ಲ, ಅದಕ್ಕೆ ಇವಳು ಸಿಕ್ಕಿದ್ರೆ ಸಾಕು."